ಪರ-ವಿರೋಧ: ಕೊರೊನಾ ಪರಿಹಾರ ಪಡೆದ ರೈತರ ಪಟ್ಟಿ ಊರಿನ ಗೋಡೆಗೆ ಅಂಟಿಸಬೇಕಾ?

2020 ಮತ್ತು 2021ರ ಲಾಕ್‌ಡೌನ್ ಕಾಲದಲ್ಲಿ ರಾಜ್ಯ ಸರ್ಕಾರ ಹೂವು, ಹಣ್ಣು, ತರಕಾರಿ ಬೆಳೆಗಾರರಿಗೆ ಪರಿಹಾರ ಕೊಟ್ಟಿತು. 2020ರಲ್ಲಿ ಮೆಕ್ಕೆಜೋಳದವರಿಗೂ ಕೊಟ್ಟಿತು. ಯಾರಿಗೆ ಎಷ್ಟು ಸಂದಿತು ಅನ್ನೋ ಪಟ್ಟಿ ಊರವರೆಲ್ಲ ಓದುವಂತೆ ಇರಬೇಕಾ? ಇಬ್ಬರನ್ನು ಕೇಳಿದೆವು. ಒಬ್ಬರು ಹಾವೇರಿ ಜಿಲ್ಲೆಯ ರೈತರು. ಇನ್ನೊಬ್ಬರು ಚಿಕ್ಕಬಳ್ಳಾಪುರ ಕಡೆಯವರು, ಈಗ ಬೆಂಗಳೂರಲ್ಲಿ ಕೆಲಸದಲ್ಲಿದ್ದಾರೆ.

ಪರ: ಅಂಟಿಸಿ, ಓದೋರು ಓದಲಿ

2020ರ ಮಳೆಗಾಲ. ನಮ್ಮೂರ ಪಂಚಾಯ್ತಿಯ ಗೋಡೆಗೆ ನಾಲ್ಕು ಹಾಳೆ ಅಂಟಿಸಿದ್ದರು. ಮೈದಾ ಹಿಟ್ಟಿನ ಅಂಟು. ಮೂರನೇ ದಿನಕ್ಕೆ ಕೆಳಗಿನ ಹಾಳೆಯ ಒಂದು ಮೂಲೆಯನ್ನು ಆಡು ತಿಂದು ಹೋಗಿತ್ತು. ಗೋವಿನಜೋಳ, ಅಂದರೆ ಮೆಕ್ಕೆಜೋಳ ಬೆಳೆದವರಲ್ಲಿ ಯಾರಿಗೆ 5,000 ರೂಪಾಯಿ ಬರುತ್ತದೆ ಅನ್ನೋ ಪಟ್ಟಿ ಅದು. ನಾನು ನನ್ನ ಹೆಸರು ಹುಡುಕಿದೆ. ಇಲ್ಲ. ಕನ್ನಡಕ ಒರೆಸಿಕೊಂಡು ಮತ್ತೊಮ್ಮೆ ಹುಡುಕಿದೆ. ನನ್ನ ಹೊಲದ ಆಚೆಯ ಸರ್ವೆ ನಂಬರ್ ಇದೆ, ಈಚೆಯದೂ ಇದೆ. ನಂದು ಮಾತ್ರ ಇಲ್ಲ.

ರೈತ ಸಂಪರ್ಕ ಕೇಂದ್ರಕ್ಕೆ ಹೋದಾಗ ವಿಷಯ ಗೊತ್ತಾಯಿತು. ಪರಿಹಾರಕ್ಕೆ ಆಧಾರ 2019ರ ಮುಂಗಾರಿನ ಬೆಳೆ ಸಮೀಕ್ಷೆ. ಅದರಲ್ಲಿ ನನ್ನ ಹೊಲದ ಮುಂದೆ ‘ಹತ್ತಿ’ ಅಂತ ಬಿದ್ದಿತ್ತು. ನಾನು ಹತ್ತಿ ಬಿಟ್ಟು ಆರು ವರ್ಷ ಆಗಿತ್ತು. ಸಮೀಕ್ಷೆಗೆ ಬಂದ ಹುಡುಗ ಹೊಲಕ್ಕೆ ಇಳಿದಿದ್ದನೋ, ರಸ್ತೆ ಮೇಲೆ ಬೈಕ್ ನಿಲ್ಲಿಸಿಯೇ ಮೊಬೈಲ್ ಒತ್ತಿದ್ದನೋ, ಆ ಬಸವಣ್ಣನಿಗೇ ಗೊತ್ತು. ಉತಾರ (ಪಹಣಿ) ಕೊಟ್ಟೆ, ಮಾಲು ಮಾರಿದ ಎಪಿಎಂಸಿ ಚೀಟಿ ಕೊಟ್ಟೆ, ಅರ್ಜಿ ಬರೆದೆ. ಎರಡು ತಿಂಗಳಿಗೆ ದುಡ್ಡು ಬಂತು.

ಇಲ್ಲಿಗೆ ಕತೆ ಸುಖಾಂತ್ಯ ಅಂತ ನಿಲ್ಲಿಸಬಹುದಿತ್ತು. ಆದರೆ ನಮ್ಮೂರಿಗೆ ಒಂದು ಮಜರೆ ಇದೆ, ಎರಡೂವರೆ ಕಿಲೋಮೀಟರ್ ದೂರ. ಅಲ್ಲಿ ಪಟ್ಟಿ ಅಂಟಿಸಿರಲಿಲ್ಲ. ಆಗ ಕೊರೊನಾ ಭಯ, ಯಾರೂ ಊರೂರು ಅಡ್ಡಾಡುತ್ತಿರಲಿಲ್ಲ. ಅಲ್ಲಿಯ ಒಬ್ಬ ಅಜ್ಜಿ, ಎರಡು ಎಕರೆ ಗೋವಿನಜೋಳ ಬೆಳೆದಾಕೆ, ಮರುವರ್ಷ ಬಿತ್ತನೆ ಬೀಜದ ಸಾಲಿನಲ್ಲಿ ನನ್ನ ಹಿಂದೆ ನಿಂತಿದ್ದಳು. ಮಾತಿಗೆ ಮಾತು ಬಂದು ಈ 5,000ದ ಸುದ್ದಿ ಬಂತು. “ನಮಗೂ ಬರೂದಿತ್ತೇನಪಾ ಅದು?” ಅಂದಳು. ಅವಳ ಹೊಲಕ್ಕೂ ಹತ್ತಿ ಅಂತಲೇ ಬರೆದಿದ್ದರು. ಅದೇ ಹುಡುಗ, ಅದೇ ಮೊಬೈಲ್, ಅದೇ ತಪ್ಪು. ನನಗೆ ಸಿಕ್ಕಿತು, ಆಕೆಗೆ ಸಿಗಲಿಲ್ಲ. ನಡುವೆ ಇದ್ದ ವ್ಯತ್ಯಾಸ ನಾಲ್ಕು ಹಾಳೆ ಮತ್ತು ಒಂದು ಬಟ್ಟಲು ಮೈದಾ.

ಪಟ್ಟಿ ಬೇಕು ಅನ್ನೋರನ್ನು ‘ಪಕ್ಕದ ಮನೆಯವನ ಜೇಬು ಇಣುಕೋರು’ ಅಂತ ಬಯ್ಯುವವರಿಗೆ ನಾನು ಈ ಅಜ್ಜಿಯನ್ನು ತೋರಿಸುತ್ತೇನೆ. ಪಟ್ಟಿ ಇರೋದು ಕಳ್ಳನನ್ನು ಹಿಡಿಯೋಕೆ ಅನ್ನೋದು ಎರಡನೇ ಮಾತು. ಮೊದಲನೇ ಮಾತು, ಬಿಟ್ಟುಹೋದವರಿಗೆ ತಾವು ಬಿಟ್ಟುಹೋಗಿದ್ದೇವೆ ಅಂತ ಗೊತ್ತಾಗಬೇಕು. ದುಡ್ಡು ಬಂದವನಿಗೆ ಬ್ಯಾಂಕಿನಿಂದ ಮೆಸೇಜ್ ಬರುತ್ತದೆ. ಬರದವನಿಗೆ ಯಾರು ಮೆಸೇಜ್ ಮಾಡುತ್ತಾರೆ?

ದುಡ್ಡು ಸಣ್ಣದೇನಲ್ಲ. 2020ರ ಮೇ 6ರಂದು ಆಗಿನ ಮುಖ್ಯಮಂತ್ರಿ ಯಡಿಯೂರಪ್ಪನವರು 1,610 ಕೋಟಿಯ ಪ್ಯಾಕೇಜ್ ಹೇಳಿದರು. ಹೂವಿನವರಿಗೆ ಹೆಕ್ಟೇರಿಗೆ 25,000, ಅದೂ ಒಂದು ಹೆಕ್ಟೇರಿಗೆ ಮಾತ್ರ. ಅಗಸರಿಗೆ, ಕ್ಷೌರಿಕರಿಗೆ, ಆಟೋದವರಿಗೆ 5,000. ಆಮೇಲೆ ಹಣ್ಣು, ತರಕಾರಿಯವರಿಗೆ ಹೆಕ್ಟೇರಿಗೆ 15,000. ಆಮೇಲೆ ನಮಗೆ, ಗೋವಿನಜೋಳದವರಿಗೆ, ತಲೆಗೆ 5,000ದಂತೆ 10 ಲಕ್ಷ ಜನಕ್ಕೆ. ಲೆಕ್ಕ ಹಾಕಿ, 500 ಕೋಟಿ. ನಮಗೆ ಯಾಕೆ ಕೊಟ್ಟರು ಅಂದರೆ, ಕೋಳಿ ತಿಂದರೆ ಕೊರೊನಾ ಬರುತ್ತದೆ ಅಂತ ಯಾರೋ ಪುಣ್ಯಾತ್ಮರು ವಾಟ್ಸಾಪ್‌ನಲ್ಲಿ ಹಬ್ಬಿಸಿದ್ದರು. ಅದರ ಮೇಲೆ ದಾವಣಗೆರೆ, ಮೈಸೂರು ಕಡೆ ಹಕ್ಕಿಜ್ವರ. ಕೋಳಿ ಕೇಳೋರಿಲ್ಲ, ಹಾಗಾಗಿ ಕೋಳಿ ತಿನ್ನೋ ಜೋಳವನ್ನೂ ಕೇಳೋರಿಲ್ಲ. ಬೆಂಬಲ ಬೆಲೆ ಕ್ವಿಂಟಾಲಿಗೆ 1,760 ಅಂತ ಕಾಗದದ ಮೇಲಿತ್ತು. ನಾನು ಮಾರಿದ್ದು 1,200ಕ್ಕೆ. ತೂಕ ಮಾಡಿಸಿ, ಹಮಾಲಿ ಕೊಟ್ಟು ಬಂದಾಗ ಕೈಯಲ್ಲಿ ಉಳಿದದ್ದನ್ನು ಹೆಂಡತಿಗೆ ಹೇಳಲಿಲ್ಲ.

ಈಗ ನನ್ನ ತಕರಾರು. ನಮ್ಮೂರಲ್ಲಿ ಅಂಟಿಸಿದ್ದು ಅರ್ಹರ ಪಟ್ಟಿ. ಅಂದರೆ ‘ಇವರಿಗೆ ಕೊಡಬೇಕು ಅಂತಿದ್ದೇವೆ’ ಅನ್ನೋ ಪಟ್ಟಿ. ‘ಇವರಿಗೆ ಕೊಟ್ಟೆವು’ ಅನ್ನೋ ಪಟ್ಟಿ ಇವತ್ತಿನವರೆಗೂ ಅಂಟಿಸಿಲ್ಲ. ಎರಡೂ ಒಂದೇ ಅಲ್ಲ. ಆಧಾರ್ ಜೋಡಣೆ ಆಗಿಲ್ಲ, ಖಾತೆ ನಿಂತುಹೋಗಿದೆ, ಜಂಟಿ ಖಾತೆ, ಹೆಸರಿನಲ್ಲಿ ಒಂದು ದೀರ್ಘ ತಪ್ಪು. ಇಂಥವಕ್ಕೆಲ್ಲ ದುಡ್ಡು ಅರ್ಧ ದಾರಿಯಲ್ಲಿ ನಿಲ್ಲುತ್ತದೆ. ನಿಂತದ್ದು ಯಾರದು? ಎಷ್ಟು ಜನರದು? ಕೇಳಲು ಹೋದೆ.

“ಪಟ್ಟಿ ಐತಿ. ಕಂಪ್ಯೂಟರ್‌ದಾಗ ಐತಿ,” ಅಂದರು.

“ತೋರಿಸ್ರಿ ಸರ.”

“ಅದರ ಲಾಗಿನ್ ನನ್ನ ಹತ್ರ ಇಲ್ಲ.”

“ಯಾರ ಹತ್ರ ಐತ್ರಿ?”

“ಅವರು ರಜಾದ ಮ್ಯಾಲೆ ಅದಾರ.”

ಮಾಹಿತಿ ಹಕ್ಕಿನ ಅರ್ಜಿ ಹಾಕಿದೆ. 10 ರೂಪಾಯಿ ಪೋಸ್ಟಲ್ ಆರ್ಡರ್. ನಮ್ಮ ರಾಜ್ಯದಲ್ಲಿ ಇದಕ್ಕೆ ಒಂದು ವಿಚಿತ್ರ ನಿಯಮ ಇದೆ. ಅರ್ಜಿ ಒಂದೇ ವಿಷಯದ ಮೇಲಿರಬೇಕು, 150 ಪದ ಮೀರಬಾರದು. ಹತ್ತನೇ ಕ್ಲಾಸಿನ ಪ್ರಬಂಧಕ್ಕೂ ಇಷ್ಟು ಕಟ್ಟುನಿಟ್ಟು ಇರಲಿಲ್ಲ. ನಾನು 92 ಪದದಲ್ಲಿ ಮುಗಿಸಿದೆ. ತಿಂಗಳ ಮೇಲೆ ಒಂದು ವಾರಕ್ಕೆ ಉತ್ತರ ಬಂತು: ಕೇಳಿದ್ದು ವೈಯಕ್ತಿಕ ಮಾಹಿತಿ, ಕೊಡಲು ಬರುವುದಿಲ್ಲ.

ವೈಯಕ್ತಿಕ! 2005ರ ಮಾಹಿತಿ ಹಕ್ಕು ಕಾಯ್ದೆಯ 4ನೇ ಕಲಮು ಓದಿ. ಸಹಾಯಧನದ ಕಾರ್ಯಕ್ರಮ ಹೇಗೆ ನಡೆಯಿತು, ಎಷ್ಟು ದುಡ್ಡು ಹಂಚಿತು, ಫಲಾನುಭವಿಗಳು ಯಾರು, ಇದನ್ನೆಲ್ಲ ಕಚೇರಿಯೇ ತಾನಾಗಿ ಪ್ರಕಟಿಸಬೇಕು ಅಂತ ಅದರಲ್ಲಿದೆ. ಯಾರೂ ಕೇಳೋ ಮೊದಲೇ. ನಾನು 10 ರೂಪಾಯಿ ಖರ್ಚು ಮಾಡಿದ್ದೇ ದಂಡ.

ಗೌಪ್ಯತೆ ಅನ್ನೋರಿಗೆ ಇನ್ನೊಂದು ಮಾತು. ನನ್ನ ಉತಾರವನ್ನು ಯಾರು ಬೇಕಾದರೂ ಭೂಮಿ ಜಾಲತಾಣದಲ್ಲಿ ನೋಡಬಹುದು. ಸರ್ವೆ ನಂಬರ್ ಗೊತ್ತಿದ್ದರೆ ಸಾಕು. ಅದರ 9ನೇ ಕಾಲಂನಲ್ಲಿ ನನ್ನ ಹೆಸರಿದೆ. 11ನೇ ಕಾಲಂನಲ್ಲಿ ಯಾವ ಬ್ಯಾಂಕಿನಲ್ಲಿ ಹೊಲ ಅಡವಿಟ್ಟು ಸಾಲ ತಂದಿದ್ದೇನೆ ಅನ್ನೋದಿದೆ. ನನ್ನ ಸಾಲ ಜಗಜ್ಜಾಹೀರು, ಅದಕ್ಕೆ ಯಾರೂ ಪರದೆ ಹಾಕಲಿಲ್ಲ. ಸರ್ಕಾರ 5,000 ಕೊಟ್ಟ ಕೂಡಲೇ ನನ್ನ ಮಾನದ ಚಿಂತೆ ಶುರುವಾಯಿತಾ?

ನರೇಗಾ ಕೂಲಿಗೆ ಹೋಗೋ ನಮ್ಮೂರ ಹೆಣ್ಣುಮಕ್ಕಳ ಹೆಸರು, ಎಷ್ಟು ದಿನ ದುಡಿದರು, ಎಷ್ಟು ಕೂಲಿ ಬಂತು, ಎಲ್ಲ ವರ್ಷಗಳಿಂದ ಜಾಲತಾಣದಲ್ಲಿದೆ. ಗ್ರಾಮಸಭೆಯಲ್ಲಿ ಸಾಮಾಜಿಕ ಪರಿಶೋಧನೆ ಅಂತ ಮೈಕ್ ಹಿಡಿದು ಓದುತ್ತಾರೆ. ಅದರಿಂದ ಒಳ್ಳೆಯದೇ ಆಗಿದೆ. ಮಣ್ಣು ಹೊತ್ತವರಿಗೆ ಇಲ್ಲದ ಗೌಪ್ಯತೆ ಹೊಲ ಇದ್ದವರಿಗೆ ಯಾಕೆ? ಈ ಪ್ರಶ್ನೆಗೆ ನನಗೆ ಯಾರೂ ಉತ್ತರ ಕೊಟ್ಟಿಲ್ಲ.

ಕಳ್ಳರ ಮಾತಿಗೆ ಬರೋಣ. ಅದೇ 2020ರಲ್ಲಿ ತಮಿಳುನಾಡಿನ ಕಳ್ಳಕುರಿಚಿ, ಕಡಲೂರು ಕಡೆ ಏನಾಯಿತು? ಕೇಂದ್ರ ಸರ್ಕಾರ ರೈತರ ಖಾತೆಗೆ ದುಡ್ಡು ಹಾಕೋ ಪಿಎಂ-ಕಿಸಾನ್ ಯೋಜನೆಗೆ ರೈತರಲ್ಲದವರ ಹೆಸರನ್ನು ಸಾಲು ಸಾಲಾಗಿ ಸೇರಿಸಿಬಿಟ್ಟರು. ದಲ್ಲಾಳಿಗಳು, ಗುತ್ತಿಗೆ ನೌಕರರು, ಅಧಿಕಾರಿಗಳ ಲಾಗಿನ್. ಐದೂವರೆ ಲಕ್ಷದಷ್ಟು ಸುಳ್ಳು ಹೆಸರು, 110 ಕೋಟಿ. ದೇಶದ ಮಟ್ಟದಲ್ಲಿ 20.48 ಲಕ್ಷ ಅನರ್ಹರಿಗೆ 1,364 ಕೋಟಿ ಹೋಗಿದೆ ಅಂತ 2021ರ ಜನವರಿಯಲ್ಲಿ ಗೊತ್ತಾಯಿತು. ಹೇಗೆ ಗೊತ್ತಾಯಿತು? ಒಬ್ಬರು ಮಾಹಿತಿ ಹಕ್ಕಿನಲ್ಲಿ ಕೇಳಿದ್ದಕ್ಕೆ. ಆ ಅನರ್ಹರಲ್ಲಿ ಅರ್ಧಕ್ಕಿಂತ ಜಾಸ್ತಿ ಜನ ಆದಾಯ ತೆರಿಗೆ ಕಟ್ಟೋರು. ಅವರ ಊರಲ್ಲಿ ಪಟ್ಟಿಯನ್ನು ಗಟ್ಟಿಯಾಗಿ ಓದಿದ್ದರೆ ಒಂದು ಸಂಜೆಯ ಕೆಲಸ. ನಮ್ಮ ಕಟ್ಟೆ ಮೇಲೆ ಕೂರೋ ಹಿರಿಯರಿಗೆ ಯಾರ ಮಗ ಎಲ್ಲಿ ನೌಕರಿ ಮಾಡುತ್ತಾನೆ, ಯಾರ ಹೊಲದಲ್ಲಿ ಏನು ಬೆಳೆದಿತ್ತು, ಎಲ್ಲ ಬಾಯಿಪಾಠ. ಯಾವ ಸಾಫ್ಟ್‌ವೇರ್‌ಗೂ ಅಷ್ಟು ಗೊತ್ತಿಲ್ಲ.

ಈಗ ಕಾನೂನನ್ನೇ ತಿದ್ದಿದ್ದಾರೆ. 2023ರ ಡಿಜಿಟಲ್ ದತ್ತಾಂಶ ಕಾಯ್ದೆಯ ಮೂಲಕ ಮಾಹಿತಿ ಹಕ್ಕಿನ 8(1)(ಜೆ) ಕಲಮನ್ನು ಬದಲಿಸಿ, 2025ರ ನವೆಂಬರ್‌ನಲ್ಲಿ ಜಾರಿಗೆ ತಂದರು. ಮೊದಲು ಆ ಕಲಮಿನಲ್ಲೇ ಒಂದು ಕಿಟಕಿ ಇತ್ತು. ವೈಯಕ್ತಿಕವಾದರೂ ಸಾರ್ವಜನಿಕ ಹಿತ ದೊಡ್ಡದಿದ್ದರೆ ಕೊಡಬಹುದು ಅಂತ. ಈಗ ‘ವೈಯಕ್ತಿಕ ಮಾಹಿತಿ’ ಅಂದರೆ ಅಲ್ಲಿಗೆ ಮುಗಿಯಿತು. ನನಗೆ ಬಂದ ಆ ಒಂದು ಸಾಲಿನ ಉತ್ತರ ಇನ್ನು ಮೇಲೆ ಎಲ್ಲರಿಗೂ ಬರುತ್ತದೆ, ಅಷ್ಟೇ.

ಲಾವಣಿ, ಅಂದರೆ ಗುತ್ತಿಗೆಗೆ ಹೊಲ ಹಾಕಿಕೊಂಡವರ ಮಾತು ಹೇಳದಿದ್ದರೆ ತಪ್ಪಾಗುತ್ತದೆ. ನನ್ನ ಪಕ್ಕದ ನಾಲ್ಕು ಎಕರೆಯ ಮಾಲೀಕರು ಹುಬ್ಬಳ್ಳಿಯಲ್ಲಿದ್ದಾರೆ. ಬಿತ್ತೋದು, ಕೊಯ್ಯೋದು, ನಷ್ಟ ಉಣ್ಣೋದು ಎಲ್ಲ ಲಾವಣಿ ಮಾಡಿದ ನನ್ನ ಗೆಳೆಯ. ಉತಾರದ 12ನೇ ಕಾಲಂ ಇರೋದೇ ಸಾಗುವಳಿ ಮಾಡೋರ ಹೆಸರಿಗೆ. ಅಲ್ಲೂ ಮಾಲೀಕರದೇ ಹೆಸರು. 5,000 ಹೋಗಿದ್ದು ಹುಬ್ಬಳ್ಳಿಗೆ. ಇವನು ಗೋಡೆಯ ಮೇಲೆ ಅವರ ಹೆಸರು ನೋಡಿ ಫೋನ್ ಮಾಡಿದ. ಆ ಪುಣ್ಯಾತ್ಮರಿಗೆ ಎಂಥ ದುಡ್ಡು ಅಂತ ಗೊತ್ತೇ ಇರಲಿಲ್ಲ. ಖಾತೆಗೆ ಬಂದ ಮೇಲೆ 3,000 ಇವನಿಗೆ ಕಳಿಸಿದರು. ಪೂರ್ತಿ ಯಾಕೆ ಕಳಿಸಲಿಲ್ಲ ಅಂತ ನಾನು ಕೇಳಿದೆ. “ಇಷ್ಟರೆ ಬಂತಲ್ಲೋ ಮಾರಾಯ,” ಅಂದ.

ನಾನು ಕೇಳೋದು ಆಧಾರ್ ನಂಬರ್ ಅಲ್ಲ, ಫೋನ್ ನಂಬರ್ ಅಲ್ಲ, ಬ್ಯಾಂಕ್ ಖಾತೆ ಅಲ್ಲ. ಹೆಸರು, ಸರ್ವೆ ನಂಬರ್, ಬೆಳೆ, ಮೊತ್ತ, ಜಮಾ ಆದ ತಾರೀಕು. ಜಮಾ ಆಗದಿದ್ದರೆ ಯಾಕೆ ಆಗಲಿಲ್ಲ ಅನ್ನೋ ಒಂದು ಸಾಲು. ಐದಾರು ಕಾಲಂ. ಜಾಲತಾಣದಲ್ಲಿ ಹಾಕಿದ್ದೇವೆ, ಮಾಹಿತಿ ಕಣಜ ನೋಡಿ ಅಂತ ಹೇಳಿ ತಪ್ಪಿಸಿಕೊಳ್ಳಬೇಡಿ. ಆ ಅಜ್ಜಿಯ ಹತ್ತಿರ ಇರೋದು ಗುಂಡಿ ಒತ್ತೋ ಫೋನು. ಗೋಡೆಗೆ ಅಂಟಿಸಿ, ಮಜರೆಯಲ್ಲೂ ಅಂಟಿಸಿ. ಮೈದಾ ಮಾತ್ರ ಬೇಡ, ಆಡು ತಿನ್ನುತ್ತದೆ.

ವಿರೋಧ: ಅಪ್ಪನ ಹೆಸರು ಗೋಡೆ ಮೇಲೆ ಯಾಕೆ?

ನನಗೆ ಈ ಬದಿ ಕೊಟ್ಟಿದ್ದಾರೆ. ಪರವಾಗಿ ಬರೆಯಿರಿ ಅಂದಿದ್ದರೆ ಅದನ್ನೂ ಬರೆಯುತ್ತಿದ್ದೆನೇನೋ. ಆದರೆ ಸಂಪಾದಕರು ಫೋನ್ ಮಾಡಿ, “ನಿಮ್ಮದು ಹೂವಿನ ಮನೆತನ ಅಲ್ವಾ, ವಿರೋಧ ನೀವೇ ಬರೀರಿ” ಅಂದರು. ಹೂವಿಗೂ ವಿರೋಧಕ್ಕೂ ಏನು ಸಂಬಂಧ ಅಂತ ಕೇಳೋಷ್ಟರಲ್ಲಿ ಫೋನ್ ಇಟ್ಟಾಗಿತ್ತು.

ಮೊದಲು ಕಾನೂನಿನ ಮಾತು ಮುಗಿಸಿಬಿಡೋಣ. ಖಾಸಗಿತನ ಮೂಲಭೂತ ಹಕ್ಕು ಅಂತ 2017ರ ಆಗಸ್ಟ್ 24ರಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠ ಹೇಳಿದೆ. ಆ ಕೇಸು ಹಾಕಿದ್ದವರು ನಮ್ಮ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ. ಆ ಹಕ್ಕು ಬೆಂಗಳೂರಿನ ಅಪಾರ್ಟ್‌ಮೆಂಟಿನವರಿಗೆ ಮಾತ್ರ ಅಂತ ತೀರ್ಪಿನಲ್ಲಿ ಎಲ್ಲೂ ಇಲ್ಲ.

ಯುರೋಪಿನಲ್ಲೂ ಇದೇ ಜಗಳ ನಡೆದಿದೆ. ಅಲ್ಲಿ ಕೃಷಿ ಸಹಾಯಧನ ಪಡೆದ ಎಲ್ಲರ ಹೆಸರು, ಮೊತ್ತ ಜಾಲತಾಣದಲ್ಲಿ ಹಾಕಬೇಕು ಅಂತ ನಿಯಮ ಇತ್ತು. ಜರ್ಮನಿಯ ಹೆಸ್ಸೆ ರಾಜ್ಯದಿಂದ ಕೇಸು ಹೋಯಿತು. 2010ರ ನವೆಂಬರ್ 9ರಂದು ಯುರೋಪಿನ ನ್ಯಾಯಾಲಯ, ವ್ಯಕ್ತಿಗಳ ಹೆಸರನ್ನು ಹೀಗೆ ಸಾರಾಸಗಟಾಗಿ ಹಾಕೋದು ಅತಿಯಾಯಿತು ಅಂತ ಆ ನಿಯಮವನ್ನು ಹೊಡೆದುಹಾಕಿತು. 2013ರಲ್ಲಿ ಮತ್ತೆ ಹೆಸರು ಹಾಕೋ ನಿಯಮ ತಂದರು ಅನ್ನೋದೂ ನಿಜ. ಆದರೆ ಆಗ ತೀರಾ ಸಣ್ಣ ಮೊತ್ತ ಪಡೆಯುವವರ ಹೆಸರನ್ನು ಬಿಟ್ಟರು. ನಾನು ಕೇಳೋದೂ ಅಷ್ಟೇ. ಕೋಟಿ ಸಹಾಯಧನ ತಗೊಳ್ಳೋ ಕಂಪನಿಯ ಹೆಸರು ಬೇಕಾದರೆ ವಿಧಾನಸೌಧದ ಮೇಲೆ ಬರೆಸಿ. ಒಂದು ಎಕರೆಯವನ ಹೆಸರು ಯಾಕೆ?

ಪಟ್ಟಿ ಬೇಕು ಅನ್ನೋರ ವಾದ ನನಗೆ ಗೊತ್ತು. ಪಟ್ಟಿ ಹಾಕಿದ ಕೂಡಲೇ ಕಳ್ಳರೆಲ್ಲ ಸಾಲಾಗಿ ಬಂದು ಕೈಮುಗಿದು ನಿಲ್ಲುತ್ತಾರೆ. ಊರೊಟ್ಟು ಕಟ್ಟೆ ಮೇಲೆ ಕೂತು ನ್ಯಾಯ ಹೇಳುತ್ತದೆ. ಹಾಗೆ ನಡೆದದ್ದನ್ನು ನಾನಂತೂ ನೋಡಿಲ್ಲ. ನಾನು ನೋಡಿದ್ದು ಊರು ಪಟ್ಟಿ ಓದಿ ಟೀ ಕುಡಿದು ಮಾತಾಡಿಕೊಂಡಿದ್ದನ್ನು. ಬಿಟ್ಟುಹೋದವರಿಗೆ ಗೊತ್ತಾಗಬೇಕು ಅಂದರೆ ಅವರಿಗೊಂದು ಮೆಸೇಜ್ ಕಳಿಸಿ, ಅಷ್ಟು ಸಾಕು.

ಇನ್ನೊಂದು ಮಾತು. ನಮ್ಮ ಕಚೇರಿಗಳಿಗೆ ಎಷ್ಟು ತೋರಿಸಬೇಕು, ಎಷ್ಟು ಮುಚ್ಚಬೇಕು ಅನ್ನೋ ಅಂದಾಜಿಲ್ಲ. 2022ರಲ್ಲಿ ಪಿಎಂ-ಕಿಸಾನ್ ಜಾಲತಾಣದ ಒಂದು ಭಾಗದಲ್ಲಿ ರೈತರ ಆಧಾರ್ ಸಂಖ್ಯೆಗಳೇ ಹೊರಗೆ ಕಾಣುತ್ತಿದ್ದವು ಅಂತ ಒಬ್ಬ ಭದ್ರತಾ ಸಂಶೋಧಕರು ಹೇಳಿದ್ದರು. ಇವತ್ತು ‘ನಿಮ್ಮ ಕಿಸಾನ್ ಕಂತು ನಿಂತಿದೆ, ಈ ಆ್ಯಪ್ ಹಾಕಿಕೊಳ್ಳಿ’ ಅಂತ ಬರೋ ಮೆಸೇಜು ನಮ್ಮೂರಲ್ಲಿ ಯಾರಿಗೆ ಬಂದಿಲ್ಲ ಹೇಳಿ. ಮಾಹಿತಿ ಹಕ್ಕು ಕಾಯ್ದೆ ತಿದ್ದಿದರು ಅಂತ ಅಳೋರಿಗೆ ಅದರಲ್ಲೇ 8(2) ಅಂತ ಇನ್ನೊಂದು ಕಲಮಿದೆ. ಸಾರ್ವಜನಿಕ ಹಿತ ದೊಡ್ಡದು ಅನಿಸಿದರೆ ಅಧಿಕಾರಿ ಅದರಡಿ ಮಾಹಿತಿ ಕೊಡಬಹುದು. ಕೊಡುತ್ತಾರಾ ಅಂತ ಕೇಳಬೇಡಿ.

ಇಷ್ಟು ಬರೆದ ಮೇಲೆ ನಮ್ಮ ಮನೆಯ ಮಾತು ಹೇಳುತ್ತೇನೆ. ನಿಜ ಹೇಳಬೇಕಂದರೆ ನನ್ನ ವಾದ ಇರೋದೇ ಅದರಲ್ಲಿ.

2020ರ ಯುಗಾದಿ ಮಾರ್ಚ್ 25ಕ್ಕೆ. ಲಾಕ್‌ಡೌನಿನ ಮೊದಲನೇ ದಿನವೂ ಅದೇ. ಹೂವಿನವರಿಗೆ ಯುಗಾದಿ ಅಂದರೆ ವರ್ಷದ ಲೆಕ್ಕ ಚುಕ್ತಾ ಮಾಡೋ ಹಬ್ಬ. ಅದರ ಹಿಂದೆಯೇ ಮದುವೆ, ಜಾತ್ರೆ, ಕರಗ. ನಮ್ಮದು ಒಂದೇ ಎಕರೆ. ಇಪ್ಪತ್ತು ಗುಂಟೆಯಲ್ಲಿ ಅಪ್ಪ ಸೇವಂತಿಗೆ ಹಾಕಿದ್ದರು. ಉಳಿದ ಇಪ್ಪತ್ತು ಗುಂಟೆಯಲ್ಲಿ ಚಿಕ್ಕಪ್ಪ ಚೆಂಡು ಹೂ ಹಾಕಿದ್ದರು. ನಡುವೆ ಒಂದು ಬದು, ಬದುವಿನ ಮೇಲೆ ಒಂದು ನುಗ್ಗೆ ಮರ. ಪಹಣಿಯಲ್ಲಿ ಮಾತ್ರ ಬದುವೂ ಇಲ್ಲ, ನುಗ್ಗೆಯೂ ಇಲ್ಲ. ತಾತ ಹೋದ ಮೇಲೆ ಹಿರಿಯರು ಅಂತ ಅಪ್ಪನ ಹೆಸರಿಗೆ ಖಾತೆಯಾಯಿತು. ಭಾಗ ಆಗಿದ್ದು ಬಾಯಿಮಾತಿನಲ್ಲಿ, ಅಜ್ಜಿಯ ಎದುರಿಗೆ.

ಮಾರ್ಕೆಟ್ ಬಂದ್. ಗಾಡಿ ಇಲ್ಲ. ಹೂವು ಗಿಡದಲ್ಲೇ ಬಲಿತು ಕಪ್ಪಾಗತೊಡಗಿತು. ಹಬ್ಬ ಕಳೆದು ಎಂಟನೇ ದಿನ ಅಪ್ಪ ಟ್ರ್ಯಾಕ್ಟರ್ ಕರೆಸಿ ರೊಟವೇಟರ್ ಹೊಡೆಸಿದರು. ಬೆಳೆಸೋಕೆ ಖರ್ಚು ಮಾಡಿದ್ದಾಗಿತ್ತು, ಅಳಿಸೋಕೂ ಗಂಟೆ ಲೆಕ್ಕದಲ್ಲಿ ಬಾಡಿಗೆ. ನಾನು ಆಗ ಬೆಂಗಳೂರಿಂದ ಊರಿಗೆ ಬಂದು ಸಿಕ್ಕಿಹಾಕಿಕೊಂಡಿದ್ದೆ. ಟ್ರ್ಯಾಕ್ಟರಿನ ದೊಡ್ಡ ಚಕ್ರಕ್ಕೆ ಮಣ್ಣಿನ ಜೊತೆ ಹೂವಿನ ದಳ ಮೆತ್ತಿಕೊಂಡು, ರಸ್ತೆಯುದ್ದಕ್ಕೂ ಉದುರಿಸಿಕೊಂಡು ಹೋಯಿತು. ತೇರು ಹೋದ ದಾರಿಯ ಹಾಗೆ. ಚಿಕ್ಕಪ್ಪ ಟ್ರ್ಯಾಕ್ಟರ್ ತರಿಸಲಿಲ್ಲ. ಹಸು ಬಿಟ್ಟರು. ಹಸುವೂ ಎರಡು ಬಾಯಿ ತಿಂದು ಮುಖ ತಿರುಗಿಸಿತು.

ಆಮೇಲೆ ಪರಿಹಾರ ಬಂತು. ಹೆಕ್ಟೇರಿಗೆ 25,000 ಅಂದರೆ ಎಕರೆಗೆ ಹತ್ತು ಸಾವಿರದ ಚಿಲ್ಲರೆ. ಬಂದದ್ದು ಅಪ್ಪನ ಖಾತೆಗೆ, ಪೂರ್ತಿ ಎಕರೆಯದು. ಅಪ್ಪ ಯಾರಿಗೂ ಹೇಳಲಿಲ್ಲ. ಗೊಬ್ಬರದ ಅಂಗಡಿಯ ಬಾಕಿ ಇತ್ತು, ಅಮ್ಮನ ಮಾತ್ರೆ ಇತ್ತು. ಹೋಯಿತು.

ಪಂಚಾಯ್ತಿಯಲ್ಲಿ ಪಟ್ಟಿ ಅಂಟಿಸಿದರು. ಹೆಸರು, ಸರ್ವೆ ನಂಬರ್, ವಿಸ್ತೀರ್ಣ, ಮೊತ್ತ. ಚಿಕ್ಕಪ್ಪ ತಾವಾಗಿ ನೋಡಿದ್ದಲ್ಲ. ಟೀ ಅಂಗಡಿಯವನು ಹೇಳಿದ್ದು: “ನಿಮ್ಮ ಇಪ್ಪತ್ತು ಗುಂಟೆದೂ ನಿಮ್ಮಣ್ಣನೇ ತಗೊಂಡವ್ರಲ್ಲ ಗೌಡ್ರೇ, ಗೋಡೆ ಮೇಲೆ ಹಾಕವ್ರೆ ನೋಡೋಗಿ.” ಹತ್ತು ಜನ ಇದ್ದರಂತೆ ಅಲ್ಲಿ. ಚಿಕ್ಕಪ್ಪ ಹೋಗಿ ಓದಿದರು. ಅವತ್ತು ಸಂಜೆ ನಮ್ಮ ಮನೆ ಮುಂದೆ ಬಂದು ಚಪ್ಪಲಿ ಬಿಡದೆ ನಿಂತು, “ಅಣ್ಣ, ನೀನು ಹೇಳಿದ್ರೆ ನಾನು ಕೇಳ್ತಾನೂ ಇರ್ಲಿಲ್ಲ” ಅಂದರು. ಅಷ್ಟೇ. ಆಮೇಲೆ ಎಂಟು ತಿಂಗಳು ಮಾತಿಲ್ಲ. ಬದುವಿನ ಮೇಲಿನ ನುಗ್ಗೆಕಾಯಿಯನ್ನು ಆ ವರ್ಷ ಇಬ್ಬರೂ ಕೀಳಲಿಲ್ಲ. ಒಣಗಿ ಬೀಜ ಉದುರಿತು.

ನೀವು ಹೇಳಬಹುದು, ಪಟ್ಟಿ ಸುಳ್ಳೇನೂ ಹೇಳಲಿಲ್ಲವಲ್ಲ ಅಂತ. ಹೌದು, ಸುಳ್ಳು ಹೇಳಲಿಲ್ಲ. ಆದರೆ ಅಣ್ಣ ತಮ್ಮನಿಗೆ ಹೇಳಬೇಕಾದ ಮಾತನ್ನು ಟೀ ಅಂಗಡಿಯವನು ಹೇಳಿದ. ಪಟ್ಟಿ ಇಲ್ಲದಿದ್ದರೆ ದೀಪಾವಳಿಗೆ ಕರೆದು ಅಪ್ಪ ತಾವೇ ಅರ್ಧ ಕೊಡುತ್ತಿದ್ದರು. ಹಾಗಂತ ನಾನು ನಂಬಿದ್ದೇನೆ. ಅಮ್ಮ ನಂಬಲ್ಲ. “ನಿಮ್ಮಪ್ಪನಾ? ಕೊಡ್ತಿದ್ರಾ?” ಅಂತ ಈಗಲೂ ನಗುತ್ತಾರೆ. ಈ ಲೇಖನಕ್ಕೆ ಅಮ್ಮನ ನಗು ಒಳ್ಳೆಯದು ಮಾಡುತ್ತಿಲ್ಲ, ಗೊತ್ತು.

2021ರಲ್ಲಿ ಎರಡನೇ ಅಲೆ, ಮತ್ತೆ ಲಾಕ್‌ಡೌನ್. ಮೇ ತಿಂಗಳಲ್ಲಿ 1,250 ಕೋಟಿಯ ಪ್ಯಾಕೇಜ್. ಈ ಸಲ ಹೂವಿಗೆ ಹೆಕ್ಟೇರಿಗೆ 10,000 ಮಾತ್ರ. ಅಪ್ಪನ ಖಾತೆಗೆ ನಾಲ್ಕು ಸಾವಿರದ ಹತ್ತಿರ ಬಂತು. ಮೆಸೇಜ್ ಬಂದದ್ದು ಬೆಳಗ್ಗೆ ಹನ್ನೊಂದಕ್ಕೆ. ಅಪ್ಪನಿಗೆ ಓದೋಕೆ ಬರಲ್ಲ ಅಂತಲ್ಲ, ಆದರೂ ನನ್ನ ಕೈಲಿ ಎರಡು ಸಲ ಓದಿಸಿದರು. ಮಧ್ಯಾಹ್ನ ಸೈಕಲ್ ತಗೊಂಡು ಬ್ಯಾಂಕಿಗೆ ಹೋಗಿ ದುಡ್ಡು ಬಿಡಿಸಿಕೊಂಡು, ಮಾಸ್ಕ್ ಹಾಕಿಕೊಂಡೇ ಚಿಕ್ಕಪ್ಪನ ಮನೆ ಜಗಲಿ ಮೇಲೆ ಕೂತಿದ್ದರಂತೆ. ಚಿಕ್ಕಮ್ಮ ಕಾಫಿ ಕೊಟ್ಟರಂತೆ. ಎರಡು ಸಾವಿರ ಎಣಿಸಿ ಇಟ್ಟು, ಮೇಲಿನ ಚಿಲ್ಲರೆಗೆ ಅಲ್ಲೇ ಇಬ್ಬರೂ ವಾದ ಮಾಡಿದರಂತೆ.

ಆ ಸಲ ಪಂಚಾಯ್ತಿಯಲ್ಲಿ ಪಟ್ಟಿ ಅಂಟಿಸಿದ್ದರೋ ಇಲ್ಲವೋ, ನಮ್ಮ ಎರಡೂ ಮನೆಯಿಂದ ಯಾರೂ ಹೋಗಿ ನೋಡಲಿಲ್ಲ.